ಮುಡುಕುತೊರೆಗೆ ಮಗಳ ಭುಜ ತೋರಿಸಲು ಹೋದದ್ದು

ಓದುಗರೆಲ್ಲರಿಗೂ ನಂಜನಗೂಡಿನಿಂದ ನಮಸ್ಕಾರ. ನಾನು ಹತ್ತನೇ ತರಗತಿ ಪಾಸು ಮಾಡಿದ್ದು ಮದುವೆಯಾಗಿ, ಅಪ್ಪನಾಗಿ, ಮಗಳು ಶಾಲೆಗೆ ಸೇರಿದ ಮೇಲೆ. ಈಗ ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಒತ್ತಿ ಇದನ್ನು ಬರೆಯುತ್ತಿದ್ದೇನೆ. ಒತ್ತಕ್ಷರ, ದೀರ್ಘ ಎಲ್ಲಾದರೂ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹೋದ ಭಾನುವಾರ ಮಗಳು ಸುಮಳನ್ನು ಕರೆದುಕೊಂಡು ಮುಡುಕುತೊರೆಗೆ ಹೋಗಿಬಂದೆ. ಅಲ್ಲಿ ಹೊಳೆ ದಡದಲ್ಲಿ ಮಹದೇವಿ ಮೇಡಂ ಹೆಣ್ಣುಮಕ್ಕಳಿಗೆ ರಗ್ಬಿ ಕಲಿಸುತ್ತಾರೆ. ಸುಮಳೂ ಅವರ ಹತ್ತಿರವೇ ಕಲಿಯುವುದು. ಹೆಡತಲೆ ಕಡೆಯವರು. ಶಾಲೆಯಲ್ಲಿ ಕಬಡ್ಡಿ ಆಡಿಕೊಂಡಿದ್ದವರು ಮೈಸೂರಿನ ಹಾಸ್ಟೆಲಿಗೆ ಸೇರಿ ಈ ಆಟ ಕಲಿತು, ಇಂಡಿಯಾ ಟೀಮಿನಲ್ಲಿ ಮೂರು ಸಲ ಹೊರದೇಶಕ್ಕೆ ಹೋಗಿ ಆಡಿದ್ದಾರೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮೊಟ್ಟೆಯಂಥ ಚೆಂಡನ್ನು ಕೈಯಲ್ಲಿ ಹಿಡಿದು ಮುಂದಕ್ಕೆ ಓಡಬೇಕು, ಜೊತೆಯವರಿಗೆ ಎಸೆಯುವಾಗ ಮಾತ್ರ ಹಿಂದಕ್ಕೇ ಎಸೆಯಬೇಕು. ಎದುರಿನವರು ಸೊಂಟ ಹಿಡಿದು ಕೆಡವುತ್ತಾರೆ.

ಹಾಗೆ ಕೆಡವಿದಾಗಲೇ ನಾಲ್ಕು ತಿಂಗಳ ಹಿಂದೆ ಸುಮಳ ಕತ್ತಿಗೂ ಭುಜಕ್ಕೂ ನಡುವಿನ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಕೈಗೆ ಜೋಳಿಗೆ ಹಾಕಿ, ಆರು ವಾರ ತೆಗೆಯಬೇಡಿ ಎಂದರು. ನಮ್ಮ ಬೀದಿಯಲ್ಲಿ ಯಾರಿಗೆ ಮೂಳೆ ಮುರಿದರೂ ನಾಟಿ ಕಟ್ಟು ಹಾಕಿಸುವುದೇ ರೂಢಿ. ನಾನೂ ಮೂರನೇ ದಿನವೇ ಜೋಳಿಗೆ ಬಿಚ್ಚಿ, ಬಿದಿರಿನ ಪಟ್ಟಿ ಇಟ್ಟು, ಮೊಟ್ಟೆಯ ಲೋಳೆ, ಉದ್ದಿನ ಹಿಟ್ಟು ಮೆತ್ತಿಸಿ ಬಿಗಿಯಾಗಿ ಕಟ್ಟಿಸಿದೆ. ಸುದ್ದಿ ತಿಳಿದು ಮೇಡಂ ಬಸ್ಸಿನಲ್ಲಿ ಬಂದವರೇ ನಮ್ಮ ಜಗಲಿಯ ಮೇಲೆ ಕೂತು ಕತ್ತರಿಯಿಂದ ಕಟ್ಟು ಕತ್ತರಿಸಿದರು. "ನನ್ ಮಗಳ ಮೈ ಮುಟ್ಟಕೆ ಯಾರ್ರೀ ನೀವು?" ಎಂದು ಬೀದಿಗೆ ಕೇಳುವಂತೆ ಕೂಗಿದೆ. ಅವರು ಕತ್ತರಿ ಚೀಲಕ್ಕೆ ಹಾಕಿಕೊಂಡು ಎದ್ದರು. ಸುಮಳನ್ನು ಮೈಸೂರಿಗೆ ಕರೆದೊಯ್ದು, ಸಂಜೆಯವರೆಗೆ ಎಕ್ಸರೇ ಕೋಣೆಯ ಮುಂದೆ ಕೂತಿದ್ದರು. ಸರಿದಿದ್ದ ಮೂಳೆಯನ್ನು ಡಾಕ್ಟರು ಮತ್ತೆ ಕೂರಿಸಿದರು. ಆಮೇಲೆ ಮೇಡಂ ಅವರನ್ನು ನೋಡಲು ನನಗೆ ಮುಖವಿರಲಿಲ್ಲ.

ಈಗ ಹೋಗಲೇಬೇಕಾಯಿತು. ರಾಜ್ಯದ ಕ್ಯಾಂಪಿಗೆ ಹೆಸರು ಕಳಿಸಲು ಸೋಮವಾರ ಕಡೇ ದಿನ. ಸುಮಳ ಭುಜ ನೋಡಿಯೇ ಹೆಸರು ಬರೆಯುವುದು ಎಂದು ಮೇಡಂ ಹೇಳಿದ್ದರು.

ಬೆಳಿಗ್ಗೆ ಆರೂವರೆಯ ಬಸ್ಸು ಹಿಡಿದೆವು. ಮಂಜು ಎಷ್ಟಿತ್ತೆಂದರೆ ಡ್ರೈವರು ಗಾಜು ಒರೆಸುತ್ತಲೇ ಇದ್ದ. ಟಿ. ನರಸೀಪುರಕ್ಕೆ ನನಗೆ ನಲವತ್ತು ರೂಪಾಯಿಯೊಳಗೆ ಟಿಕೆಟ್ಟು, ಮಗಳಿಗೆ ಫ್ರೀ. ಕಂಡಕ್ಟರು ಬಸ್ಸು ತುಂಬ ಕೂತಿದ್ದ ಹೆಂಗಸರನ್ನು ನೋಡಿ, "ಈ ಟ್ರಿಪ್ಪಿಗೆ ನೀವೊಬ್ರೇ ಸಾ ನಮ್ ಗಿರಾಕಿ" ಎಂದ. ದಾರಿಯಲ್ಲಿ ಎರಡು ಕಡೆ ಟಾರಿನ ಮೇಲೆ ಹುರುಳಿ ಹರಡಿದ್ದರು. ಬಸ್ಸು ಅದರ ಮೇಲೆಯೇ ಹಾದು ಒಕ್ಕಣೆ ಮಾಡಿಕೊಟ್ಟು ಹೋಯಿತು.

ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಸುಮಳ ಚೀಲದಲ್ಲಿದ್ದ ಚೆಂಡನ್ನು ಮುಟ್ಟಿ ನೋಡಿದರು.

"ಏನವ್ವಾ ಇದು, ಪಪ್ಪಾಯಿ ಕಾಯಾ?"

"ಚೆಂಡು ಅಜ್ಜಿ. ಓಡೋರ್ನ ಹಿಡ್ದು ಕೆಡವೋ ಆಟ."

"ಅಂಗಾರೆ ನಮ್ಮನೆಗ್ ಬಾ ಮಗ. ನಮ್ ಕರು ಯಾರ್ ಕೈಗೂ ಸಿಕ್ಕಾಕಿಲ್ಲ."

ಬಸ್ಸೆಲ್ಲ ನಕ್ಕಿತು. ಸುಮ ಮಾತ್ರ ಶಾಲಿನೊಳಗೆ ಬಲಗೈಯನ್ನು ಎತ್ತುವುದು, ಇಳಿಸುವುದು ಮಾಡುತ್ತಿದ್ದಳು.

ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಇಡ್ಲಿ ಕೊಡಿಸಿದರೆ ಒಂದನ್ನೂ ಪೂರ್ತಿ ತಿನ್ನಲಿಲ್ಲ. ಅಲ್ಲಿಂದ ತಲಕಾಡಿನ ಕಡೆಯ ಬಸ್ಸು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಿಧಾನಕ್ಕೆ ಹೋಗಿ ಮುಡುಕುತೊರೆಯಲ್ಲಿ ಇಳಿದಾಗ ಒಂಬತ್ತು ದಾಟಿತ್ತು, ಬಿಸಿಲು ಬಂದಿತ್ತು. ಬೆಟ್ಟದ ಕೆಳಗೆ ಕಾವೇರಿಯ ಮರಳಿನಲ್ಲಿ ಇಪ್ಪತ್ತು ಹುಡುಗಿಯರು ಬರಿಗಾಲಲ್ಲಿ ಬೀಳುವುದನ್ನು ಕಲಿಯುತ್ತಿದ್ದರು. ಮೊದಲ ಮೂರು ತಿಂಗಳು ಮೇಡಂ ಅವರಲ್ಲಿ ಬೀಳುವ ಪಾಠವೇ.

"ಬನ್ನಿ ಅಣ್ಣ, ತಿಂಡಿ ಆಯ್ತಾ?" ಎಂದರು. ಅಷ್ಟೇ. ತಪ್ಪಾಯಿತು ಎನ್ನಲು ಬಂದಿದ್ದ ನಾನು "ಆಯ್ತು ಮೇಡಂ" ಎಂದು ಸುಮಳ ಚೀಲ ಕೆಳಗಿಟ್ಟೆ.

ಸುಮ ಕೈ ಎತ್ತಿದಳು, ನೆಟ್ಟಗೆ ಹೋಯಿತು. ಚೆಂಡು ಎಸೆದಳು, ದೂರ ಹೋಯಿತು. ನನಗೆ ಎದೆ ಉಬ್ಬಿತು. ಕೊನೆಗೆ ಮೇಡಂ ಹೆಬ್ಬೆರಳಿನಿಂದ ಆ ಮೂಳೆಯ ಮೇಲೆ ಒತ್ತಿದರು.

"ನೋವಾ?"

"ಇಲ್ಲ ಮೇಡಂ" ಎಂದು ಸುಮ ನಕ್ಕಳು.

ಮೇಡಂ ಅವಳ ಮುಖ ನೋಡಲಿಲ್ಲ, ಕಾಲು ನೋಡಿದರು. ನಾನೂ ನೋಡಿದೆ. ಐದೂ ಬೆರಳು ಬಿಗಿದುಕೊಂಡು ಮರಳಿನಲ್ಲಿ ಹೂತುಹೋಗಿದ್ದವು.

"ಈ ಸಲ ಬ್ಯಾಡ ಕಣೇ" ಎಂದರು.

ಸುಮ ಅಲ್ಲೇ ಕುಸಿದು ಕೂತಳು. ನನಗೆ ತಡೆಯಲಾಗಲಿಲ್ಲ. "ಮೇಡಂ, ಆವತ್ತು ಕೂಗಾಡ್ಬುಟ್ಟೆ, ತಪ್ಪಾಯ್ತು. ಅದ್ರ ಸಿಟ್ಟು ಮಗೀನ ಮ್ಯಾಲೆ ತೀರಿಸ್ಬ್ಯಾಡಿ. ಇದೊಂದ್ ಸಲ ಕಳ್ಸಿಕೊಡಿ" ಎಂದೆ.

"ಸಿಟ್ಟಾ? ಬುಡಿ ಅಣ್ಣ" ಎಂದು ಅವರು ನನ್ನ ಪಕ್ಕ ಮರಳಿನಲ್ಲೇ ಕೂತರು. "ನಾನು ಹೊರದೇಸದಲ್ಲಿ ಆಡ್ವಾಗ ಭುಜ ಮುರ್ಕೊಂಡ್ ಬಂದೆ. ನಮ್ಮಪ್ಪ ಪಾಪ, ಪ್ರೀತಿಗೇ ನಾಟಿ ಕಟ್ಟು ಹಾಕಿಸ್ದ. ಎರಡೇ ತಿಂಗಳಿಗೆ ನೋವಿಲ್ಲ ಅಂತ ಕೋಚ್ ಮುಂದೆ ಇವಳಂಗೇ ನಕ್ಕೊಂಡು ಮ್ಯಾಚಿಗೆ ಇಳಿದೆ. ಐದ್ ನಿಮಿಷ ಆಡಿಲ್ಲ, ಅದೇ ಭುಜದ ಮ್ಯಾಲೆ ಬಿದ್ದೆ. ಆಮೇಲೆ ಇಂಡಿಯಾ ಜರ್ಸಿ ಹಾಕ್ಲಿಲ್ಲ."

ಹೇಳುತ್ತಲೇ ಬಲಗೈ ಎತ್ತಿದರು. ಅದು ಭುಜದ ಮಟ್ಟಕ್ಕೆ ಬಂದು ನಿಂತಿತು. ಇಷ್ಟು ದಿನ ಅವರು ಎಡಗೈಯಲ್ಲೇ ಸೀಟಿ ಹಿಡಿಯುವುದನ್ನು ನೋಡಿದ್ದರೂ ನನಗೆ ಹೊಳೆದಿರಲಿಲ್ಲ.

"ಈಗ್ಲೂ ಜಡೆ ಹಾಕಕೆ ನಮ್ಮವ್ವನೇ ಬೇಕು" ಎಂದು ನಕ್ಕರು. "ಆವತ್ತು ನಮ್ ಕೋಚ್ ನನ್ ಮುಖ ನೋಡುದ್ರು ಅಣ್ಣ. ಕಾಲ್ ನೋಡ್ಲಿಲ್ಲ."

ನಾನು ಮತ್ತೆ ಬೇಡಿಕೊಳ್ಳಲಿಲ್ಲ.

ಪ್ರತಿ ಭಾನುವಾರ ಸುಮಳನ್ನು ಕರೆತರಬೇಕು, ಡಾಕ್ಟರು ಒಪ್ಪುವವರೆಗೆ ಚೆಂಡು ಕೊಡುವುದು, ಹಿಡಿಯುವುದು ಮಾತ್ರ, ಯಾರನ್ನೂ ಕೆಡವುವಂತಿಲ್ಲ, ಮುಂದಿನ ವರ್ಷ ನೋಡೋಣ ಎಂದರು. ಮಧ್ಯಾಹ್ನ ಅವರ ತಾಯಿ ಮುದ್ದೆ, ಹುರುಳಿ ಬಸ್ಸಾರು ಬಡಿಸಿದರು. ಸುಮಳ ಮುಂದೆ ಎರಡನೇ ಮುದ್ದೆ ಇಟ್ಟು, "ಅತ್ಕೊಂಡೇ ತಿನ್ನು ಮಗ, ಇಳೀತದೆ" ಎಂದರು. ತಿಂದಳು.

ವಾಪಸು ಬರುವಾಗ ನರಸೀಪುರದವರೆಗೆ ಅವಳು ಕಿಟಕಿಯ ಕಡೆಯೇ ತಿರುಗಿ ಕೂತಿದ್ದಳು. ಅಲ್ಲಿ ಬಸ್ಸು ಬದಲಿಸುವಾಗ ಕೇಳಿದಳು.

"ನೀನ್ ಇನ್ನೊಂಚೂರ್ ಕೇಳಿದ್ರೆ ಒಪ್ತಿದ್ರು. ಯಾಕಪ್ಪ ಸುಮ್ಕಾದೆ?"

"ಅವ್ರ ಕೈ ನೋಡ್ದೆ ಕಣವ್ವ."

ಅವಳು ಎಡಗೈಯಲ್ಲಿ ಚೀಲ ಎತ್ತಿಕೊಂಡು ಬಸ್ಸು ಹತ್ತಿದಳು. ನಾನು ಮಾಡಿಸಿದ ಕಟ್ಟು, ನನ್ನ ಕೂಗಾಟ ಎರಡನ್ನೂ ಮೀರಿ ಒಬ್ಬ ಹೆಣ್ಣುಮಗಳು ನನ್ನ ಮಗಳ ಕೈ ಉಳಿಸಿದ್ದಾಳೆ, ಇವತ್ತು ಎರಡನೇ ಸಲ ಉಳಿಸಿದಳು ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು. ನಂಜನಗೂಡಿನಲ್ಲಿ ಇಳಿದು ಮನೆಯ ಕಡೆ ನಡೆಯುವಾಗ ಸುಮ ತಾನಾಗಿಯೇ ಬಾಯಿಬಿಟ್ಟಳು.

"ಮುಂದಿನ್ ವಾರ ಇನ್ನೂ ಮುಂಚಿನ ಬಸ್ಸಿಗೇ ಹೋಗನ ಅಪ್ಪ. ಒಂಬತ್ತಕ್ಕೆ ಹೋದ್ರೆ ಅರ್ಧ ಪ್ರಾಕ್ಟೀಸ್ ಮುಗಿದಿರ್ತದೆ."

ನಿಮ್ಮ ಮಕ್ಕಳಿಗೂ ಯಾರಾದರೂ ಹೀಗೆ 'ಬೇಡ' ಎಂದು ಹೇಳಿ ಒಳ್ಳೆಯದು ಮಾಡಿದ್ದಾರೆಯೇ? ಇದ್ದರೆ ದಯವಿಟ್ಟು ಬರೆಯಿರಿ. ನಿಧಾನವಾದರೂ ಎಲ್ಲವನ್ನೂ ಓದುತ್ತೇನೆ.