ಏರಿ ಮೇಲಿನ ಡಬ್ಬಿ

ಬೇಗೂರಿನ ಶಿವಸ್ವಾಮಿಗೆ ಜೀಪು ಓಡಿಸುವುದು ಕಸುಬು, ಡಬ್ಬಿ ಹುಡುಕುವುದು ಹುಚ್ಚು. ಆ ಹುಚ್ಚು ಹತ್ತಿಸಿದವರು ಬಂಡೀಪುರ ನೋಡಲು ಬಂದಿದ್ದ ಹಾಲೆಂಡಿನ ಗಂಡ ಹೆಂಡತಿ. ದಾರಿಯಲ್ಲಿ ಜೀಪು ನಿಲ್ಲಿಸಿ, ಅಂಗೈಯಗಲದ ಯಂತ್ರವೊಂದನ್ನು ಹಿಡಿದು ಗುಡ್ಡ ಹತ್ತಿದರು. ಉಪಗ್ರಹ ನೋಡಿ ದಾರಿ ತೋರುವ ಯಂತ್ರ ಅದು. ಯಾರೋ ಬಚ್ಚಿಟ್ಟ ಡಬ್ಬಿ ಹುಡುಕಬೇಕು, ಒಳಗಿನ ಚೀಟಿಯಲ್ಲಿ ಹೆಸರು ಬರೆಯಬೇಕು, ಒಂದು ಸಾಮಾನು ತೆಗೆದುಕೊಂಡರೆ ಇನ್ನೊಂದು ಹಾಕಿ, ಇದ್ದಲ್ಲೇ ಇಟ್ಟು ಬರಬೇಕು. ಇಷ್ಟೇ ಆಟ. ಊರಿಗೆ ಹೊರಡುವಾಗ ಅವರು ಆ ಯಂತ್ರವನ್ನು ಇವನ ಕೈಗೇ ಕೊಟ್ಟುಬಿಟ್ಟರು.

ಆಮೇಲೆ ಬಾಡಿಗೆಗೆ ಊಟಿಗೆ ಹೋಗಲಿ, ಮೈಸೂರಿಗೆ ಹೋಗಲಿ, ಗುಂಡ್ಲುಪೇಟೆಯ ಬ್ರೌಸಿಂಗ್ ಸೆಂಟರಿನಲ್ಲಿ ಡಬ್ಬಿ ಇರುವ ಜಾಗದ ನಂಬರು ಬರೆಸಿಕೊಂಡೇ ಹೊರಡುತ್ತಿದ್ದ. ಸವಾರಿಯವರು ಊಟಕ್ಕೆ ಕೂತರೆ ಇವನು ಯಂತ್ರ ಹಿಡಿದು ಮಾಯ. ಅಷ್ಟು ವರ್ಷ ಬರೀ ರಸ್ತೆ ನೋಡಿದ್ದವನಿಗೆ ರಸ್ತೆಯ ಪಕ್ಕದಲ್ಲಿ ಎಷ್ಟೊಂದು ಇದೆಯೆಂದು ಆಗ ಗೊತ್ತಾಯಿತು. ಜೇನು ಕಟ್ಟಿದ ಬಂಡೆ, ಮೆಟ್ಟಿಲಿಳಿದ ಕೊಳ, ನವಿಲು ಕುಣಿಯುವ ಬಯಲು.

"ತಿನ್ನೋ ಅನ್ನದ ಡಬ್ಬಿ ಮರ್ತು ಬತ್ತೀಯ, ಕಂಡೋರ ಡಬ್ಬಿ ಉಡಿಕ್ಕಂಡು ಓಯ್ತೀಯಲ್ಲಾ!" ಎಂದು ಹೆಂಡತಿ ಮರಿತಾಯಮ್ಮ ಬೈಯುತ್ತಿದ್ದಳು.

ತಾನೂ ಒಂದು ಇಡಬೇಕೆನ್ನಿಸಿ, ಹೆಂಡತಿಯ ತವರು ಉಡಿಗಾಲದ ಕೆರೆ ಏರಿಯ ಕಲ್ಲುಸಂದಿಯಲ್ಲಿ ಒಂದು ಸ್ಟೀಲ್ ಡಬ್ಬಿ ಇಟ್ಟು, ಅದರ ಜಾಗದ ನಂಬರನ್ನು ಬ್ರೌಸಿಂಗ್ ಸೆಂಟರಿನವರಿಂದ ಇಂಟರ್ನೆಟ್ಟಿಗೆ ಹಾಕಿಸಿದ. ಎಲ್ಲೆಲ್ಲಿಂದಲೋ ಜನ ಬಂದು ಹೆಸರು ಬರೆದು ಹೋದರು. ಆ ಚೀಟಿ ಓದುವುದೆಂದರೆ ಅವನಿಗೆ ಹಬ್ಬ.

ಮೂರನೇ ವರ್ಷ ಡಬ್ಬಿ ನೋಡಲು ಹೋದಾಗ ಏರಿಯ ಮೇಲೆ ಜನ. ಪಕ್ಕದ ಗುರುಮಲ್ಲಮ್ಮನ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರಿಗೆ ಡಬ್ಬಿ ಸಿಕ್ಕಿತ್ತು. ಮುಚ್ಚಳ ತೆಗೆದರೆ ಕೆಂಗೂದಲ ಗೊಂಬೆ, ಕರಿ ದಾರ, ಬೀಗದ ಕೈ, ತಿಳಿಯದ ಬರಹದ ಚೀಟಿ. ಮಾಟವೆಂದು ಕಿರುಚಿ ಕೆಲಸ ಬಿಟ್ಟು ಎದ್ದಿದ್ದರು. ಹಿರಿಯಾಳು ಚಿಕ್ಕಮಾದಯ್ಯ ಸೀಮೆಎಣ್ಣೆ ತಂದಿದ್ದ.

ಸುಮ್ಮನೆ ಹಿಂತಿರುಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಪ್ಪಿಕೊಂಡರೆ ಮಾಟಗಾರನೆಂಬ ಹೆಸರು, ಅದೂ ಮಾವನ ಊರಿನಲ್ಲಿ. ಆದರೆ ಅಷ್ಟು ಜನರ ಹೆಸರು ಕಣ್ಣೆದುರೇ ಸುಡುವುದನ್ನು ಅವನಿಂದ ನೋಡಲಾಗಲಿಲ್ಲ.

"ತಡಿ ಚಿಕ್ಕಮಾದಣ್ಣ, ಎಣ್ಣೆ ಉಯ್ಬೇಡ. ಅದು ನಂದು."

"ನಿಂದಾ? ಎಣ್ಣು ಕೊಟ್ಟ ಊರ್ಗೇ ಮಾಟ ಮಡಗ್ದಾ?"

"ನಂಗೆ ಮಾಟ ಬರಂಗಿದ್ರೆ ಮೊದ್ಲು ನಮ್ಮತ್ತೆ ಬಾಯಿ ಕಟ್ಟುಸ್ತಿದ್ದೆ ಕನಣ್ಣೋ."

ಒಬ್ಬಿಬ್ಬರು ಕಿಸಕ್ಕೆಂದರು. ಗುರುಮಲ್ಲಮ್ಮ ನಗಲಿಲ್ಲ. "ನಗಾಟ ಬುಡು. ಆಳುಗಳು ಒಲಕ್ಕೆ ಕಾಲಿಡಕಿಲ್ಲ ಅಂತವ್ರೆ. ನೀನೇ ಮುಟ್ಟು ನೋಡವ."

ಶಿವಸ್ವಾಮಿ ಟವೆಲು ಹಾಸಿ ಒಂದೊಂದೇ ತೆಗೆದಿಟ್ಟ. ಕರಿ ದಾರವನ್ನು ತನ್ನ ಮುಂಗೈಗೇ ಸುತ್ತಿಕೊಂಡ. "ಕೆಡುಕಿದ್ರೆ ನಂಗೇ ತಗುಲ್ಲಿ," ಎಂದು ಯಂತ್ರ ತೋರಿಸಿ ಆಟದ ರೀತಿ ಹೇಳಿ, ಓದಲು ಬಂದಷ್ಟು ಹೆಸರು ಓದಿದ. ಪುಣೆ, ಕೋಳಿಕ್ಕೋಡು, ಮದ್ರಾಸು.

"ಇಷ್ಟ್ ಜನ ಬಂದು ಏನ್ ಮಾಡುದ್ರುಲಾ ಇಲ್ಲಿ?" ಗುರುಮಲ್ಲಮ್ಮ ಕೇಳಿದಳು.

"ನಿಮ್ಮ ಕೆರೆ ನೋಡ್ಕಂಡು ಓದ್ರು ಕನವ್ವ."

ಗುರುಮಲ್ಲಮ್ಮ ಒಮ್ಮೆ ಕೆರೆಯ ಕಡೆ ನೋಡಿದಳು. ಬಳೆಗೆ ಸಿಕ್ಕಿಸಿದ್ದ ಪಿನ್ನೊಂದನ್ನು ಬಿಚ್ಚಿ ಡಬ್ಬಿಗೆ ಹಾಕಿ, ಮೊಮ್ಮಗಳಿಗೆಂದು ಗೊಂಬೆ ಎತ್ತಿಕೊಂಡಳು. "ನನ್ನೆಸ್ರೂ ಬರಿ. ಡಬ್ಬಿ ಅಲ್ಲೇ ಇರ್ಲಿ."

"ನಂದೂ ಬರಿ. ಸುಡಾಕೆ ಬಂದಿದ್ದೆ ಅಂತ ಮಾತ್ರ ಬರೀಬ್ಯಾಡ ಕಣ್ಲಾ," ಎಂದ ಚಿಕ್ಕಮಾದಯ್ಯ.

ಹೆಂಗಸರು ಹೊಲಕ್ಕಿಳಿದರು. ಶಿವಸ್ವಾಮಿ ಆ ಉಪಕಾರ ತೀರಿಸಲೆಂದು ಚಪ್ಪಲಿ ಬಿಟ್ಟು ತಾನೂ ಸಾಲಿಗಿಳಿದು ಕಳೆ ಕೀಳತೊಡಗಿದ.

"ಅಯ್ಯೋ, ಕಡ್ಲೆಕಾಯಿ ಗಿಡ್ವೇ ಕಿತ್ತಾಕ್ತಾವ್ನೆ!" ಗುರುಮಲ್ಲಮ್ಮ ಕೂಗಿದಳು. "ಕಳೆ ಯಾವ್ದು ಅಂತ ನಿನ್ ಯಂತ್ರ ಯೋಳಕಿಲ್ವಾ?"

"ಇಲ್ಲ ಕನವ್ವ, ನೀವೇ ಯೋಳ್ಕೊಡಿ," ಎಂದು ಅವನು ಅವಳ ಪಕ್ಕದ ಸಾಲಿಗೆ ಸರಿದ.