ಬೆವರುವ ಮಡಕೆಯ ಪಾಠ

ಸರಿಯಾದ ಉತ್ತರ ಕೊಟ್ಟ ಹುಡುಗಿಯನ್ನು ನೋಡಿ ನಗುವ ಮೇಷ್ಟರು ಅಪರೂಪ. ನಾನು ಆ ಅಪರೂಪದವನು. ನಕ್ಕಿದ್ದು ಸಾಲದೆಂದು ಅವಳು ನಿಂತ ಭಂಗಿ, ಅವಳ ದನಿ ಎರಡನ್ನೂ ಅವಳ ತರಗತಿಯ ಎದುರೇ ಮಾಡಿ ತೋರಿಸಿದೆ. ಮಿಮಿಕ್ರಿ ನನಗೆ ಕೆಮ್ಮಿನ ಹಾಗೆ, ತಡೆದಷ್ಟೂ ಬರುತ್ತದೆ. ಕೊರಟಗೆರೆಯ ನಮ್ಮ ಮನೆಯಲ್ಲಿ, ಅಪ್ಪ ಫೋನಿನಲ್ಲಿ ಕಿರುಚುವುದನ್ನು ಅಪ್ಪನೆದುರೇ ಮಾಡಿ ಏಟು ತಿಂದಿದ್ದೇನೆ. ಏಟು ಬಿದ್ದಾಗ ನಾನು ಅತ್ತ ರೀತಿಯನ್ನೂ ಆಮೇಲೆ ಮಾಡಿ ತೋರಿಸಿ ಅಮ್ಮನನ್ನು ನಗಿಸಿದ್ದೇನೆ.

ಮಧುಗಿರಿಯಲ್ಲಿ ಬಿ.ಎಡ್. ಓದುವಾಗ ಬೋಧನಾಭ್ಯಾಸಕ್ಕೆಂದು ನನ್ನನ್ನು ಪಾವಗಡದಾಚೆ, ಆಂಧ್ರದ ಮಗ್ಗುಲಿನ ಒಂದು ಹಳ್ಳಿ ಶಾಲೆಗೆ ಹಾಕಿದ್ದರು. ನಮ್ಮ ಕಾಲೇಜಿನ ಮೇಡಂ ಒಂದು ಪದ್ಧತಿ ಇಟ್ಟಿದ್ದರು. ತರಗತಿಯಲ್ಲಿ ನಡೆದ ಒಂದು ಸಣ್ಣ ಪ್ರಸಂಗವನ್ನು ವಾರಕ್ಕೊಮ್ಮೆ ಬರೆಯಬೇಕು. ಯಾರು ಏನೆಂದರು, ಆಮೇಲೆ ಏನಾಯಿತು, ಅಷ್ಟೇ. ಶನಿವಾರ ಎಲ್ಲರೂ ಕಾಲೇಜಿಗೆ ಬಂದು ಓದಬೇಕು. ಆ ಗಳಿಗೆಯಲ್ಲಿ ಮಗು ಕಲಿತದ್ದೇನು, ಮೇಷ್ಟರು ಕಲಿತದ್ದೇನು ಎಂದು ಕೂತು ಹುಡುಕಬೇಕು. "ಅಂಕಪಟ್ಟಿ ಬಾಯ್ಬಿಡದ್ದನ್ನ ಇದು ಬಾಯ್ಬಿಡುತ್ತೆ," ಎನ್ನುತ್ತಿದ್ದರು ಮೇಡಂ. ಜೊತೆಗೊಂದು ಕಟ್ಟಳೆ ಇತ್ತು: ಪ್ರಸಂಗ ಯಾರದೋ ಅವರಿಗೆ ಮೊದಲು ಓದಿ ಹೇಳಬೇಕು, ಅವರು ಹೂಂ ಅಂದಮೇಲೆ ತರಬೇಕು. ಈ ಕಟ್ಟಳೆಯನ್ನು ನಾನು ಹಾರಿಸಿದೆ.

ಎಂಟನೇ ತರಗತಿಯಲ್ಲಿ ಒಂದು ದಿನ, ಮಡಕೆಯ ನೀರು ಏಕೆ ತಣ್ಣಗಿರುತ್ತದೆ ಎಂದು ಕೇಳಿದೆ. ಎರಡನೇ ಬೆಂಚಿನ ಹುಡುಗಿ ಎದ್ದಳು. ಮನೆಯಲ್ಲಿ ತೆಲುಗು ಮಾತಾಡುವವಳು. ಕಣ್ಣು ಮುಚ್ಚಿ, ಎದುರಿಗಿಲ್ಲದ ಮಡಕೆಯ ಮೈಯನ್ನು ಅಂಗೈಯಲ್ಲಿ ಸವರುತ್ತ ತೆಲುಗಿನಲ್ಲಿ ತನಗೇ ಏನೋ ಹೇಳಿಕೊಂಡಳು. ಆಮೇಲೆ, "ಮಡಕೆ ಬೆವರ್ತೈತೆ ಸಾ. ಆ ಬೆವರು ಆರೋವಾಗ ಒಳಗಿನ ಬಿಸಿನೂ ತಗೊಂಡೋಗ್ತೈತೆ," ಅಂದಳು.

"ಹಂಗಾರೆ ಮಡಕೆಗೊಂದು ಟವಲ್ ಕೊಡೇ!" ಎಂದಿತು ಹಿಂದಿನ ಬೆಂಚು.

ಎಲ್ಲರೂ ನಕ್ಕರು, ನಾನೂ ನಕ್ಕೆ. 'ಆವಿಯಾಗುವಿಕೆ' ಎಂದು ಬೋರ್ಡಿನ ಮೇಲೆ ಬರೆದು ಮುಂದಕ್ಕೆ ಹೋದೆ.

ಮರುದಿನ ಪಾಠ ಬೇಗ ಮುಗಿಯಿತು. "ಎಚ್ಚೆಮ್ ಸಾರ್ ಮಾಡಿ ಸಾ," ಎಂದು ಹುಡುಗರು ಹಟ ಹಿಡಿದರು. ಮುಖ್ಯೋಪಾಧ್ಯಾಯರನ್ನು ಮಾಡಿದೆ, ಚಾಕ್‌ಪೀಸ್ ಬೀಳಿಸಿಕೊಂಡು ತಡಕಾಡುವ ನನ್ನನ್ನೇ ಮಾಡಿದೆ, ಅದೇ ಓಟದಲ್ಲಿ ಕಣ್ಣು ಮುಚ್ಚಿ ಮಡಕೆ ಸವರಿದೆ. ಕೊಠಡಿ ಬಿದ್ದುಬಿದ್ದು ನಕ್ಕಿತು. ಅವಳು ಡೆಸ್ಕಿಗೆ ತಲೆಯಿಟ್ಟಳು. ನಗು ತಡೆಯಲಾಗದೆ ಇರಬೇಕು ಎಂದುಕೊಂಡೆ.

ಶನಿವಾರ ಮಧುಗಿರಿಯಲ್ಲಿ ಪ್ರಸಂಗವನ್ನು ಓದಲಿಲ್ಲ, ಆಡಿದೆ. ಶಿರಾದ ನನ್ನ ರೂಮಿನವನು ಕಣ್ಣೊರೆಸಿಕೊಳ್ಳುತ್ತ, "ಲೇ, ಮೇಷ್ಟ್ರಾಗೋದು ಬುಟ್ಟು ನಾಟಕದ ಕಂಪ್ನಿ ಸೇರ್ಕೊ ಕಣ್ಲಾ," ಅಂದ.

ನಗು ಮುಗಿಯುವತನಕ ಮೇಡಂ ಕಾದರು. "ಚೆನ್ನಾಗಿ ಮಾಡ್ದೆ. ಆ ಹುಡುಗಿ ಹೇಳಿದ್ದು ಸರಿಯೋ ತಪ್ಪೋ?"

"ಸರಿ ಮೇಡಂ."

"ಅದನ್ನ ನೀನು ಹೇಳ್ಲೇ ಇಲ್ವಲ್ಲಪ್ಪ. ಅವಳಿಗೆ ಓದಿ ಹೇಳಿದ್ಯಾ?"

ಬರೆದು ತಂದಿದ್ದ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡೆ.

ಸೋಮವಾರ ತರಗತಿಗೆ ಹೋಗಿ ಪ್ರಶ್ನೆ ಕೇಳಿದೆ. ಅವಳು ಏಳಲಿಲ್ಲ. ನಾನೇ ಎಬ್ಬಿಸಿದರೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಕಣ್ಣು ಅಗಲಿಸಿ, "ಗೊತ್ತಿಲ್ಲ ಸಾ," ಅಂದಳು. ಮಂಗಳವಾರವೂ ಅಷ್ಟೇ. ಆ ಕಟ್ಟಿದ ಕೈಗಳನ್ನು ನೋಡಿದಾಗ ನನಗೆ ಅರ್ಥವಾಯಿತು. ಅವಳು ಯೋಚಿಸುತ್ತಿದ್ದುದೇ ಆ ಕೈಯಿಂದ. ಮಡಕೆಯನ್ನು ಮುಟ್ಟಿ, ಮನೆಯ ಮಾತಿನಲ್ಲಿ ಹೇಳಿಕೊಂಡು, ಆಮೇಲೆ ನಮ್ಮ ಕನ್ನಡಕ್ಕೆ ತರುತ್ತಿದ್ದಳು. ಆ ದಾರಿಯ ಬಾಯಿಗೆ ನಾನು ಮುಳ್ಳು ಹಾಕಿದ್ದೆ. ಇನ್ನು ಕೆಲವೇ ವಾರದಲ್ಲಿ ನಾನು ಬಸ್ಸು ಹತ್ತಿ ಹೊರಟುಬಿಡುತ್ತೇನೆ. ಅವಳು ಹೀಗೇ ಕೈ ಕಟ್ಟಿಕೊಂಡು ಒಂಬತ್ತಕ್ಕೆ ಹೋದರೆ?

ಪ್ರಸಂಗವನ್ನು ಮತ್ತೆ ಬರೆದೆ. ಬಿಸಿಯೂಟ ಮುಗಿಸಿ ನಲ್ಲಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದವಳನ್ನು ಕರೆದೆ. ಬಂದಳು, ಒದ್ದೆ ತಟ್ಟೆಯನ್ನು ಎದೆಗೆ ಅವಚಿಕೊಂಡೇ ನಿಂತಳು. ಓದಿದೆ. ಅವಳ ಉತ್ತರ ಹೇಗೆ ಸರಿ, ಪುಸ್ತಕ ಮೂರು ಸಾಲಿನಲ್ಲಿ ಎಳೆದದ್ದನ್ನು 'ಬೆವರು' ಎಂಬ ಒಂದು ಮಾತು ಹೇಗೆ ಹಿಡಿಯಿತು ಎಂದೆಲ್ಲ ಬರೆದಿದ್ದೆ. ಒಳ್ಳೆಯ ಬರಹವೆಂದು ನನಗೇ ಹೆಮ್ಮೆ.

"ಸರಿ ಐತೇನಮ್ಮ?"

"ನಾನು ಹೇಳಿದ್ದೈತೆ, ಹುಡುಗ್ರು ನಕ್ಕಿದ್ದೈತೆ. ನೀವು ನಕ್ಕಿದ್ದು ಬರ್ದೇ ಇಲ್ವಲ್ಲ ಸಾ. ನನ್ನಂಗೆ ಆಡಿದ್ದೂ ಇಲ್ಲ."

ಅಲ್ಲೇ ಕಟ್ಟೆಯ ಮೇಲೆ ಕೂತು ಬರೆದೆ. ಎರಡೇ ವಾಕ್ಯ. ಅವಳ ಮುಖ ನೋಡದೆ ಆ ಎರಡನ್ನೂ ಗಟ್ಟಿಯಾಗಿ ಓದಿದೆ. "ತಪ್ಪಾಯ್ತಮ್ಮ," ಅಂದೆ, ನನ್ನದೇ ದನಿಯಲ್ಲಿ.

ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ತಟ್ಟೆಯ ನೀರು ಕೊಡವಿದಳು.

"ನಾಳೆ ಕೇಳಿದ್ರೆ ಉತ್ತರ ಹೇಳ್ತೀಯಾ?"

"ಹೇಳ್ತೀನಿ ಸಾ. ಹೇಳಿ ಮುಗ್ಸೋಗಂಟ ನೀವು ನಾನಾಗ್ಬ್ಯಾಡಿ, ಮೇಷ್ಟ್ರಾಗೇ ಇರಿ."