ಸೋಪಿಗೆ ಬೆರೆಸಿದ ನೀರು

ಚಾಮುಂಡಮ್ಮ ಕಲ್ಲೆದೆಯ ಹೆಂಗಸು. ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ, ತಿಂಗಳು ತುಂಬದೆ ಹುಟ್ಟಿದ ಮಕ್ಕಳ ವಾರ್ಡಿನಲ್ಲಿ ಹತ್ತೊಂಬತ್ತು ವರ್ಷದಿಂದ ಆಯಾ. ಅಳುವ ಬಾಣಂತಿಯರನ್ನು, "ಸುಮ್ಕಿರಮ್ಮ ಸಾಕು, ಲೋಕದಲ್ಲಿ ನೀನೊಬ್ಳೇನಾ ಹೆತ್ತಿರೋದು?" ಎಂದು ಗದರುತ್ತಿದ್ದಳು.

ಕಳೆದ ವರ್ಷ ಆ ವಾರ್ಡಿನಲ್ಲಿ ಹತ್ತೇ ದಿನದಲ್ಲಿ ನಾಲ್ಕು ಮಕ್ಕಳ ರಕ್ತಕ್ಕೆ ಸೋಂಕು ತಗುಲಿತು. ಅವುಗಳಲ್ಲಿ, ಹತ್ತಿರದ ಇಲವಾಲ ಹಳ್ಳಿಯ ಸಿಂಚನಳ ಮಗು ಸತ್ತಿತು. ತವರಿನಿಂದ ಬಂದ ಜೇನನ್ನು ಸಿಂಚನ ಮಗುವಿನ ನಾಲಿಗೆಗೆ ಮುಟ್ಟಿಸಿದ್ದನ್ನು ಚಾಮುಂಡಮ್ಮ ಕಂಡಿದ್ದಳು. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಕೊಡುವಾಗ ಎಲ್ಲರೆದುರಿಗೆ, "ಜೇನು ನೆಕ್ಸಿ ನೀನೇ ಕೊಂದ್ಬುಟ್ಟೆ ಕಣಮ್ಮ" ಅಂದಳು. ಅತ್ತೆ ಸರೋಜಮ್ಮ ಸೊಸೆಯನ್ನು ಅಲ್ಲಿಂದಲೇ ತವರಿಗೆ ಅಟ್ಟಿದರು.

ನಾನು ಆಗ ಆ ಆಸ್ಪತ್ರೆಯ ಪ್ರಯೋಗಾಲಯದ ಮುಖ್ಯಸ್ಥೆ. ಮಕ್ಕಳ ರಕ್ತದ ಜೊತೆ ಜೇನಿನ ಸೀಸೆ, ವಾರ್ಡಿನ ನಲ್ಲಿ, ಕೈ ತೊಳೆಯುವ ಸೋಪಿನ ಬಾಟಲಿ, ಎಲ್ಲದರ ಮಾದರಿ ತೆಗೆಸಿದೆ. ಸಿಕ್ಕ ಬ್ಯಾಕ್ಟೀರಿಯಾಗಳ ಜೀನೋಮನ್ನು, ಅಂದರೆ ಅವುಗಳ ಪೂರ್ತಿ ವಂಶವಾಹಿ ಬರಹವನ್ನು, ಅಕ್ಷರ ಅಕ್ಷರವಾಗಿ ಓದಿಸಿದಾಗ ನಾಲ್ಕೂ ಮಕ್ಕಳಲ್ಲಿದ್ದುದು ಒಂದೇ ತಳಿ. ಅದೇ ತಳಿ ಸೋಪಿನ ಬಾಟಲಿಯಲ್ಲಿತ್ತು. ಜೇನಿನಲ್ಲಿ ಇರಲಿಲ್ಲ.

ಬಾಟಲಿ ತುಂಬಿಸುವುದು ಚಾಮುಂಡಮ್ಮನ ಕೆಲಸ. ಸೋಪು ತಳ ಮುಟ್ಟಿದಾಗ ನಲ್ಲಿ ನೀರು ಬೆರೆಸಿ, ಅಲ್ಲಾಡಿಸಿ, ಇನ್ನೂ ನಾಲ್ಕು ದಿನ ಓಡಿಸುತ್ತಿದ್ದಳು. ಆ ತೆಳು ಸೋಪಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಿತು. ಕೈ ತೊಳೆದುಕೊಂಡವರೆಲ್ಲ ಅದನ್ನು ಮಕ್ಕಳಿಗೆ ದಾಟಿಸಿದರು. ಆಕೆಯನ್ನು ಕರೆಸಿ, ನೀರು ಯಾಕೆ ಬೆರೆಸಿದೆ ಎಂದು ಕೇಳಿದೆ.

"ನಿಮ್ಮನೇಲಿ ಶಾಂಪೂ ಬಾಟ್ಲಿ ತಳಕ್ ಬಂದ್ರೆ ಅಂಗೇ ಎಸ್ದ್‌ಬುಡ್ತೀರಾ, ಮೇಡಮ್ಮೋರೇ?"

ಎಸೆಯುವುದಿಲ್ಲ. ನಾನೂ ನೀರು ಬೆರೆಸುತ್ತೇನೆ. ಅದನ್ನು ಹೇಳದೆ, ಮಗು ಸತ್ತದ್ದು ಅದರಿಂದಲೇ ಎಂದೆ. ಆಕೆಯ ಮುಖ ಅಲುಗಲಿಲ್ಲ. "ಕೆಲ್ಸ ಹೋಯ್ತದಾ?" ಎಂದಷ್ಟೇ ಕೇಳಿದಳು.

ಆಡಳಿತಾಧಿಕಾರಿ ಮನೋಹರ್ ನನ್ನ ವರದಿಯನ್ನು ಕಪಾಟಿನಲ್ಲಿಟ್ಟರು. "ಆ ಜನಕ್ಕೆ ಜೀನೋಮು ಗೀನೋಮು ಏನ್ ತಿಳಿಯುತ್ತೆ ಮೇಡಂ? ಜೇನು ಅಂದ್ರೆ ತಿಳಿಯುತ್ತೆ. ಬಿಟ್ಬುಡಿ." ಬಾಯಿಬಿಟ್ಟರೆ ಕೆಲಸವಿಲ್ಲ ಎಂದು ಆಯಾಗೂ ಹೇಳಿದರು. ನಾನು ನಕಲು ಇಟ್ಟುಕೊಂಡೆ. ಇಲವಾಲ ದೂರವೇನಲ್ಲ, ಆದರೂ ನಿಜ ಹೇಳಲು ಹೋಗಲಿಲ್ಲ.

ಮೂರು ವಾರದ ಮೇಲೆ ಸರೋಜಮ್ಮ ಒಂಟಿಕೊಪ್ಪಲಿನ ನನ್ನ ಮನೆಗೆ ಬಂದು, ಕೂರದೆ ಕೇಳಿದರು.

"ನಿಮ್ ಆಯಾ ಬೆಳಿಗ್ಗೆಯಿಂದ ನಮ್ ಜಗಲಿ ಮೇಲೆ ಕೂತವ್ಳೆ. ಜೇನಲ್ವಂತೆ, ಅವ್ಳು ನೀರ್ ಹುಯ್ದಿದ್ ಸೋಪಂತೆ. ಬೀದಿಯೋರಿಗೆಲ್ಲ ಕೇಳಂಗೆ ಹೇಳ್ತಾವ್ಳೆ. ಮಕಕ್ಕೆ ಉಗ್ದೆ. ಒರೆಸ್ಕೊಂಡು, 'ಸೊಸೇನ ಕರ್ಸು, ಆಮೇಲ್ ಇಲ್ಲಿಂದ ಏಳ್ತೀನಿ' ಅಂದ್ಳು. ನಂಬ್ದೇ ಇದ್ರೆ ನಿಮ್ಮನ್ನ ಕೇಳು ಅಂದ್ಳು. ನಿಜವಾ?"

"ನಿಜ" ಎಂದೆ.

ಸರೋಜಮ್ಮ ಮಗನಿಗೆ ಫೋನು ಮಾಡಿದರು. "ಹೋಗಿ ಸಿಂಚನನ್ನ ಕರ್ಕಂಡ್ ಬಾ." ಮತ್ತೆ, "ಆ ಯಮ್ಮಂಗೆ ಜಗಲಿಯಿಂದ ಏಳಕ್ಕೆ ಹೇಳು" ಅಂದರು.